ಮಾತು ಬಿಟ್ಟವರಿಬ್ಬರು ನರಿಟಾದಲ್ಲಿ

ನಾನೂ ನನ್ನ ತಂಗಿಯೂ ಮಾತು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ನಾನಿರುವುದು ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸ್‌ನಲ್ಲಿ, ಅವಳು ಸ್ಯಾನ್ ಡಿಯೇಗೋದಲ್ಲಿ. ನಡುವೆ ಒಂದೂವರೆ ಗಂಟೆಯ ಫ್ರೀವೇ. ಸಿಟ್ಟು ಬಂದವರಿಗೆ ಅಷ್ಟು ದೂರ ಧಾರಾಳವಾಗಿ ಸಾಕು.

ಜಗಳ ಆದದ್ದು ಅವಳ ಗೃಹಪ್ರವೇಶದ ದಿನ. ಅಮ್ಮ ಇಲ್ಲದ್ದರಿಂದ ಹಾಲುಕ್ಕಿಸುವ ಕೆಲಸ ಹಿರಿಯವಳಾದ ನನ್ನದಾಗಿತ್ತು. ಮುಹೂರ್ತ ಎಂಟೂ ಹತ್ತಕ್ಕೆ, ನಾನು ತಲುಪಿದ್ದು ಒಂಬತ್ತಕ್ಕೆ. ಅಷ್ಟರಲ್ಲಿ ಪಕ್ಕದ ಮನೆಯ ಆಂಟಿಯ ಕೈಯಲ್ಲಿ ಹಾಲುಕ್ಕಿಸಿ ಮುಗಿಸಿದ್ದರು. "ಟ್ರಾಫಿಕ್ ಕಣೇ, ದಾರೀಲಿ ಆಕ್ಸಿಡೆಂಟ್ ಆಗಿತ್ತು," ಎಂದೆ. ನಮ್ಮ ಕಡೆ ಟ್ರಾಫಿಕ್ ಎಂದುಬಿಟ್ಟರೆ ಮುಗಿಯಿತು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ತಂಗಿಯೂ ಹಾಕಲಿಲ್ಲ, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅಷ್ಟು ಜನರ ಮುಂದೆ ಹೀಗೆ ಮಾಡಿದಳಲ್ಲ ಎಂದು ನನಗೂ ರೇಗಿತು, ಊಟ ಮಾಡದೆ ಹೊರಟು ಬಂದೆ. ನಿಜ ಹೇಳಬೇಕೆಂದರೆ ಅವತ್ತು ಟ್ರಾಫಿಕ್ ಇರಲೇ ಇಲ್ಲ. ಅದನ್ನು ಅವಳ ಮುಂದೆ ಒಪ್ಪಿಕೊಳ್ಳದೆ ನನ್ನ ತಂಗಿ ನನಗೆ ಸಿಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ.

ಆಮೇಲೆ ಚಿಕ್ಕಪ್ಪನ ಮಗಳ ಮದುವೆಗೆಂದು ಇಬ್ಬರೂ ಬೆಂಗಳೂರಿಗೆ ಹೋದೆವು. ಗಂಡಂದಿರಿಗೆ ಆಫೀಸು, ಮಕ್ಕಳಿಗೆ ಸ್ಕೂಲು, ಅವರು ಬರಲಿಲ್ಲ. ಮದುವೆ ಮನೆಯಲ್ಲಿ ನಮ್ಮ ಮಾತೆಲ್ಲ ಬೇರೆಯವರ ಮೂಲಕ. "ಅವಳಿಗೆ ಹೇಳಿ ಅತ್ತೆ, ಕಾಫಿ ಆರ್ತಿದೆ ಅಂತ." ಪಕ್ಕದಲ್ಲೇ ನಿಂತ ಅವಳು, "ಕುಡಿದಾಯ್ತು ಅಂತ ಹೇಳಿ ಅತ್ತೆ," ಎನ್ನುವಳು. ಪಾಪ, ಅತ್ತೆಗೆ ಸಾಕುಸಾಕಾಗಿ ಹೋಯಿತು.

ಹಿಂದಿರುಗುವಾಗ ಗ್ರಹಚಾರ, ಒಂದೇ ವಿಮಾನ. ಬೆಳಿಗ್ಗೆ ಜಪಾನಿನ ನರಿಟಾದಲ್ಲಿ ಇಳಿದರೆ, ಅವಳ ಸ್ಯಾನ್ ಡಿಯೇಗೋ ವಿಮಾನವೂ ನನ್ನ ಲಾಸ್ ಏಂಜಲೀಸ್ ವಿಮಾನವೂ ಹೊರಡುವುದು ಸಂಜೆಗೆ. ಒಂಬತ್ತು ಗಂಟೆ! ಮಧ್ಯೆ ಮಾತು ದಾಟಿಸಲು ಅತ್ತೆಯೂ ಇಲ್ಲ. ಸಂಜೆಯೊಳಗೆ ಹೇಳದಿದ್ದರೆ ಮತ್ತೆ ಅದೇ ಫ್ರೀವೇ, ಅದೇ ಮೌನ.

ನರಿಟಾ ಊರಿನಲ್ಲಿ ದೊಡ್ಡ ದೇವಸ್ಥಾನವಿದೆ, ರೈಲಿನಲ್ಲಿ ಹತ್ತೇ ನಿಮಿಷ ಎಂದು ಎಲ್ಲೋ ಓದಿದ್ದೆ. ಟಿಕೆಟ್ ಮೆಷಿನ್ ಹತ್ತಿರ ಹೋದರೆ ಅವಳು ಆಗಲೇ ಅಲ್ಲಿ ನಿಂತಿದ್ದಾಳೆ! ನನ್ನತ್ತ ನೋಡದೆ ಮೆಷಿನ್‌ಗೆ ಹೇಳಿದಳು, "ಕೆಲವರಿಗೆ ಊರು ನೋಡೋ ಆಸೆ ಇರಬಹುದು." ನಾನೂ ಮೆಷಿನ್‌ಗೇ ಉತ್ತರ ಕೊಟ್ಟೆ, "ನೋಡಿದ್ರೆ ತಪ್ಪೇನಿಲ್ಲ." ಎರಡು ಟಿಕೆಟ್ ಬಂದವು. ಒಂದನ್ನು ಮಾತಿಲ್ಲದೆ ನನ್ನ ಕೈಗೆ ತುರುಕಿದಳು. ಆ ಚೂರು ಕಾಗದ ಹಿಡಿದು ನನಗೆ ಎಷ್ಟು ಖುಷಿಯಾಯಿತೆಂದರೆ, ನಾಚಿಕೆಯಾಗುವಷ್ಟು.

ದೇವಸ್ಥಾನಕ್ಕೆ ಹೋಗುವ ಬೀದಿಯ ತುಂಬ ಮೀನು ಸುಡುವ ವಾಸನೆ. ತಂಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಓಡುವಂತೆ ನಡೆದಳು, ಹಿಂದೆ ನಾನು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ, ಏನಾಶ್ಚರ್ಯ, ಹೋಮ ನಡೆಯುತ್ತಿದೆ! ಕುಂಡ, ಸಮಿತ್ತು, ಮೇಲೆದ್ದ ಜ್ವಾಲೆ, ಮಂತ್ರ, ಜೊತೆಗೆ ಎದೆ ನಡುಗಿಸುವ ಡೋಲು. ಅವಳಂತೂ ಕೆನ್ನೆ ಕೆನ್ನೆ ಬಡಿದುಕೊಂಡಳು. ಹೋಮದ ಹತ್ತಿರ ಜನ ಸಾಲಾಗಿ ನಿಂತು ತಮ್ಮ ಬ್ಯಾಗುಗಳನ್ನು ಪುರೋಹಿತರ ಕೈಗೆ ಕೊಡುತ್ತಿದ್ದರು, ಅವರು ಅದನ್ನು ಬೆಂಕಿಗೆ ತೋರಿಸಿ ಹಿಂದಿರುಗಿಸುತ್ತಿದ್ದರು. ತಂಗಿಯ ವಿಷಯ ಕೇಳಬೇಕೆ? ಎಲ್ಲಿ ಪೂಜೆಯಿದ್ದರೂ ಸಾಲಿನಲ್ಲಿ ಮುಂದಿರಬೇಕು ಅವಳು. ನಾನು ನೋಡನೋಡುತ್ತಿದ್ದಂತೆ ತನ್ನ ಹ್ಯಾಂಡ್‌ಬ್ಯಾಗನ್ನು ಕೊಟ್ಟೇಬಿಟ್ಟಳು.

"ಅಯ್ಯೋ! ಅದ್ರಲ್ಲಿ ನಿನ್ ಪಾಸ್‌ಪೋರ್ಟ್ ಇದೆ ಕಣೇ!" ಎಂದು ಕಿರುಚಿದೆ.

ಡೋಲು ನಿಂತ ಕ್ಷಣವೇ ಆಗಬೇಕೆ? ಇಡೀ ಸಭಾಂಗಣ ತಿರುಗಿ ನೋಡಿತು. ಪುರೋಹಿತರು ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಬೆಂಕಿಗೆ ತೋರಿಸಿ, ತಲೆಬಾಗಿ ವಾಪಸು ಕೊಟ್ಟರು. ತಂಗಿ ನನ್ನತ್ತ ತಿರುಗಿ, "ಕಿರುಚ್ಬೇಡ ಕಣೇ, ಮಾನ ಹೋಯ್ತು. ಸುಡ್ತಾರೇನೇ ಅವ್ರು?" ಎಂದಳು. ಹೇಳಿದ ಮೇಲೆ ಇಬ್ಬರಿಗೂ ಹೊಳೆಯಿತು, ನಡುವೆ ಯಾರೂ ಇಲ್ಲದೆ ಮಾತಾಡಿದ್ದೇವೆ! ಬಾಯಿ ಮುಚ್ಚಿಕೊಂಡು ಹೊರಗೋಡಿದೆವು. ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆವು, ಅವಳಿಗೆ ಬಿಕ್ಕಳಿಕೆ ಬರುವ ತನಕ.

ದೇವಸ್ಥಾನದ ಹಿಂದಿನ ತೋಟದಲ್ಲಿ ಕೊಳದ ಪಕ್ಕ ಕೂತು ಮದುವೆ ಮನೆಯ ಚಿರೋಟಿ ಪೊಟ್ಟಣ ಬಿಚ್ಚಿದೆವು. ದೇವಸ್ಥಾನದ ಬಾಗಿಲಲ್ಲಿ ಕೊಂಡ, ಕೆಂಪು ಕಾಳು ರುಬ್ಬಿ ತುಂಬಿದ ಜಪಾನಿ ಸಿಹಿಯನ್ನು ಅವಳು ಕಚ್ಚಿ, "ಥೇಟ್ ಹೂರಣ, ಏಲಕ್ಕಿ ಒಂದು ಮರ್ತಿದ್ದಾರೆ," ಎಂದಳು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು.

"ಅವತ್ತು ಟ್ರಾಫಿಕ್ ಇರ್ಲಿಲ್ಲ ಕಣೆ," ಎಂದೆ. "ನಮ್ಮನೆ ಗರಾಜಲ್ಲಿ ಕಾರೊಳಗೆ ಸುಮ್ನೆ ಕೂತಿದ್ದೆ, ಮುಕ್ಕಾಲು ಗಂಟೆ. ನಾನಿನ್ನೂ ಬಾಡಿಗೆ ಮನೇಲಿದ್ದೀನಿ, ನೀನು ಚಿಕ್ಕೋಳು, ಮನೆ ಕೊಂಡ್ಬಿಟ್ಟೆ. ಹೊಟ್ಟೆಕಿಚ್ಚು. ಆ ಮುಖ ಹೊತ್ಕೊಂಡು ನಿನ್ ಮನೇಲಿ ಹೇಗೆ ಹಾಲುಕ್ಕಿಸ್ಲಿ?"

ಅವಳು ಬೆರಳಿಗಂಟಿದ ಸಕ್ಕರೆಯನ್ನು ನೆಕ್ಕಿಕೊಂಡಳು. "ಗೊತ್ತಿತ್ತು."

"ಏನು ಗೊತ್ತಿತ್ತು?"

"ನನ್ನ ಹೆರಿಗೆ ಟೈಮಲ್ಲಿ ಇಬ್ರೂ ಫೋನಲ್ಲಿ ಲೊಕೇಶನ್ ಶೇರ್ ಮಾಡ್ಕೊಂಡಿದ್ವಲ್ಲ. ಅಕ್ಕ ಎಲ್ಲಿಗೆ ಬಂದ್ಲು ಅಂತ ಬೆಳಿಗ್ಗೆಯಿಂದ ನೋಡ್ತಾನೇ ಇದ್ದೆ. ಹೊರಡೋ ಹೊತ್ತು ಮೀರಿದ್ರೂ ಮ್ಯಾಪಲ್ಲಿ ನಿನ್ ಚುಕ್ಕೆ ಸೆರಿಟೋಸ್ ಬಿಟ್ಟು ಅಲ್ಲಾಡ್ಲೇ ಇಲ್ಲ. ತಡ ಆಗಿದ್ದಕ್ಕಲ್ಲ ಕಣೇ ಸಿಟ್ಟು, ನನ್ ಮುಖ ನೋಡ್ಕೊಂಡು ಸುಳ್ಳು ಹೇಳಿದ್ಯಲ್ಲ ಅದಕ್ಕೆ."

ನನಗೆ ಅಳು ಬಂದು ಅತ್ತುಬಿಟ್ಟೆ. ಅವಳು ಕಣ್ಣೊರೆಸುವ ಬದಲು ನನ್ನ ಪಾಲಿನ ಚಿರೋಟಿಯನ್ನೂ ತಿಂದಳು. ಅಷ್ಟು ಹಗುರವಾಗಿ ನಾನು ಎಷ್ಟೋ ವರ್ಷದಿಂದ ಇರಲಿಲ್ಲ.

ಉಳಿದ ಹೊತ್ತು ಕೈ ಕೈ ಹಿಡಿದು ಊರೆಲ್ಲ ಸುತ್ತಿದೆವು, ಕಂಡ ಅಂಗಡಿಗೆಲ್ಲ ನುಗ್ಗಿದೆವು. ಸಂಜೆ ವಿಮಾನ ನಿಲ್ದಾಣದಲ್ಲಿ ಅವಳ ಗೇಟು ಒಂದು ಕಡೆ, ನನ್ನದು ಇನ್ನೊಂದು ಕಡೆ. ಹೊರಡುವಾಗ ಕೇಳಿದೆ, "ಮಾತು ಬಿಟ್ಮೇಲೆ ಆ ಲೊಕೇಶನ್ ಆಫ್ ಮಾಡ್ಬೇಕು ಅನ್ನಿಸ್ಲಿಲ್ವಾ?"

"ದಿನಾ ನೋಡ್ತಿದ್ದೆ," ಎಂದಳು. "ಬೆಳಿಗ್ಗೆ ಆಫೀಸಿಗೆ ತಲುಪಿದ್ಯಾ, ಸಂಜೆ ಮನೆಗೆ ಬಂದ್ಯಾ ಅಂತ. ನೋಡಿದ್ಮೇಲೇ ನಂಗೆ ನಿದ್ದೆ."

ಆ ಹದಿನಾಲ್ಕು ತಿಂಗಳಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಇಳಿದು, ಸೂಟ್‌ಕೇಸಿಗೆ ಕಾಯುತ್ತಾ ಫೋನಿನಲ್ಲಿ ಲೊಕೇಶನ್ ತೆರೆದು ಮೊದಲ ಸಲ ಅವಳ ಹೆಸರು ಒತ್ತಿದೆ. ಅವಳಿನ್ನೂ ತಲುಪಿರಲಿಲ್ಲ. ಸೂಟ್‌ಕೇಸು ಬಂದಮೇಲೂ ಅಲ್ಲೇ ಒಂದು ಬೆಂಚಿನ ಮೇಲೆ ಕೂತೆ, ಸ್ಯಾನ್ ಡಿಯೇಗೋದಲ್ಲಿ ಅವಳ ಚುಕ್ಕೆ ಕಾಣಿಸುವ ತನಕ.