ಹುಣಸೆಹಣ್ಣಿನಲ್ಲಿ ತೊಳೆದ ತೋಟಾಗಳು

ಅಮೆರಿಕದ ಪ್ಲೆಸೆಂಟನ್ನಿನಲ್ಲಿ ನಮ್ಮ ಪಕ್ಕದ ಮನೆಯವರು ಹಾಸನದ ಕಡೆಯವರು. ಶೂಟಿಂಗ್ ರೇಂಜಿನಲ್ಲಿ ಗುಂಡು ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಗರಾಜಿಗೆ ತಂದು ಮತ್ತೆ ಮದ್ದು ತುಂಬುತ್ತಿದ್ದರು. ಡಾಟ್‌ಕಾಂ ಕಂಪನಿ ಮುಳುಗಿ ತಮ್ಮ ಕೆಲಸ ಹೋದಾಗಲೂ ಅವರದು ಒಂದೇ ಮಾತು: "ಹತ್ತು ಬೆರಳೂ ನೆಟ್ಟಗಿದಾವಲ್ಲ, ಸಾಕು ಬಿಡಿ."

ಮೊಸರಿನ ಖಾಲಿ ಡಬ್ಬಿಯನ್ನೂ ಎಸೆಯದ ವಂಶ ನನ್ನದು. ನಾನೂ ಗುಂಡು ಹೊಡೆಯಲು ಹೋಗುತ್ತಿದ್ದ ಆ ರೇಂಜಿನಲ್ಲಿ ಯಾರೋ ಬಿಟ್ಟುಹೋದ ಖಾಲಿ ತೋಟಾಗಳನ್ನು ಬಾಚಿ ತಂದೆ. ಊರಿಂದ ಬಂದಿದ್ದ ಹುಣಸೆಹಣ್ಣನ್ನೆಲ್ಲ ಸುರಿದು, ದೇವರಮನೆಯ ದೀಪದ ಕಂಬ ತಿಕ್ಕುವಂತೆ ತಿಕ್ಕಿ, ಬೀಗುತ್ತ ಅವರ ಮುಂದಿಟ್ಟೆ. ಅವರು ಜೇಬಿನಿಂದ ಅಯಸ್ಕಾಂತ ತೆಗೆದರು. ಅಷ್ಟೂ ಅದಕ್ಕೆ ಜೋತುಬಿದ್ದವು.

"ಸ್ಟೀಲು ಸಾರ್. ಮೇಲೆ ಹಿತ್ತಾಳೆ ಲೇಪ ಅಷ್ಟೆ."

"ಒಂದ್ಸಲ ತುಂಬಿ ನೋಡೋಣ?" ಎಂದೆ.

ಇಕ್ಕಳದಿಂದ ಒಂದರ ಬಾಯಿ ಅದುಮಿ, ಮತ್ತೆ ಅಗಲಿಸಿದರು. ಸೀಳಿತು.

"ಹಿತ್ತಾಳೆ ಬಗ್ಗುತ್ತೆ, ಇದು ಸೀಳುತ್ತೆ. ಒಂದೆರಡು ಸಲ ನಡೆದ್ರೂ ನಡೀಬಹುದು. ಸೀಳೋ ದಿನ ನಿಮ್ಮ ಕಣ್ಣು ಪಕ್ಕದಲ್ಲೇ ಇರುತ್ತೆ. ಅಷ್ಟು ಕಷ್ಟಪಡೋ ಬದಲು ಹೊಸದು ತಗೊಳ್ಳಿ."

ಮರುದಿನ ಅವರು ನಮ್ಮಲ್ಲಿ ಊಟಕ್ಕೆ ಬಂದರು. ಹುಣಸೆಯಿಲ್ಲದ ಸಾರು ಬಡಿಸುತ್ತ ಹೆಂಡತಿ ನನ್ನ ಸಾಹಸವನ್ನೆಲ್ಲ ಬಿಚ್ಚಿಟ್ಟಳು. ಅವರು ಕಷ್ಟಪಟ್ಟು ತುತ್ತು ನುಂಗಿ, ನನ್ನ ಕೈ ನೋಡಿದರು.

"ಹತ್ತು ಬೆರಳೂ ನೆಟ್ಟಗಿದಾವಲ್ಲಮ್ಮ, ಸಾಕು ಬಿಡಿ."

ಸಾರನ್ನು ಮಾತ್ರ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.