ಹೊಸ ಮಷೀನಿನ ಕಟಕಟ

ಆಗಿನ್ನೂ ನಮ್ಮ ಜಕ್ಕಲಿಯಲ್ಲಿ ಬಟ್ಟೆ ಒಗೆಯುವ ಸದ್ದು ಕೇಳಿಯೇ ಅದು ಯಾರ ಹಿತ್ತಲೆಂದು ಹೇಳಬಹುದಿತ್ತು. ಆ ಶ್ರಾವಣದಲ್ಲಿ ನಮ್ಮ ಹಿತ್ತಲಿನ ಸದ್ದು ಮಾತ್ರ ನಿಂತುಹೋಗಿತ್ತು. ಒಗೆಯುವ ಕಲ್ಲಿನ ಹತ್ತಿರ ಪಾಚಿಯಲ್ಲಿ ಜಾರಿ ಬಿದ್ದ ಅವ್ವನ ಬಲಗೈಗೆ ರಾಡು ಹಾಕಿದ್ದರು. ಬಟ್ಟೆ ಹಿಂಡುವುದಿರಲಿ, ರೊಟ್ಟಿ ಬಡಿಯುವುದೂ ಆಗುತ್ತಿರಲಿಲ್ಲ. ಅಪ್ಪ ಗಜೇಂದ್ರಗಡದಿಂದ ಬಟ್ಟೆ ಒಗೆಯುವ ಮಷೀನು ತಂದ. ಎದುರಿಗೆ ಗಾಜಿನ ದುಂಡು ಬಾಗಿಲು. ನಾನೂ ಓಣಿಯ ಗೆಳತಿಯರೂ ಸಾಬೂನಿನ ವಾಸನೆ ಕುಡಿಯುತ್ತ ಅದರ ಮುಂದೆ ಕುಳಿತು, ಯಾರ ಲಂಗ ಮೊದಲು ಮೇಲೆ ಬರುತ್ತದೆ ಎಂದು ಪಂಥ ಕಟ್ಟುತ್ತಿದ್ದೆವು. ಟಿವಿಯ ಮೇಲೂ ನಮಗೆ ಅಷ್ಟು ಭಕ್ತಿ ಇರಲಿಲ್ಲ.

ಆದರೆ ಮೊದಲ ದಿನದಿಂದಲೇ ಅದು ಕಟಕಟ ಅನ್ನುತ್ತಿತ್ತು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾಲ್ಕು ದಿನಕ್ಕೆ ಸುಮ್ಮನಾಗುತ್ತದೆ ಎಂದು ಅಪ್ಪ ನಕ್ಕ. ಆಗಲಿಲ್ಲ. ಸದ್ದು ಜೋರಾಯಿತು, ನೊರೆ ಕೆಂಪಗಾಯಿತು, ಅಪ್ಪನ ಬಿಳಿ ಬನಿಯನ್ನುಗಳು ಹಳದಿಗೆ ತಿರುಗಿದವು. ಸೋಮವಾರದೊಳಗೆ ಸರಿಯಾಗದಿದ್ದರೆ ಅಂಗಡಿಗೆ ಮರಳಿಸುವುದೇ ಎಂದು ಅಪ್ಪ ಹೇಳಿದಾಗ, ಅವ್ವ ತನ್ನ ಕೈ ನೋಡಿಕೊಂಡಳು. ನನಗೆ ಅಳು ಬಂತು. ಆಯಿ, ಅಂದರೆ ಅಪ್ಪನ ತಾಯಿ, ಆ ದಿನ ಊಟಕ್ಕೇ ಏಳಲಿಲ್ಲ.

ರೋಣದಿಂದ ಮೌಲಾಸಾಬ ಕಾಕಾ ಬಂದ. ಬಾವಿಯ ಮೋಟಾರು ರಿಪೇರಿ ಮಾಡುವವನು. ಕರೆಂಟಿನ ವೈರು ಕಿತ್ತಿಟ್ಟು, ಡ್ರಮ್ಮನ್ನು ಒಂದೇ ಬೆರಳಿನಿಂದ ಮೆಲ್ಲಗೆ ತಿರುಗಿಸಿದ. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಮಷೀನಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ. ಅವ್ವನ ಕೈ ನೋಡಿದ ಡಾಕ್ಟರೂ ಅಷ್ಟು ಹೊತ್ತು ಕೊಟ್ಟಿರಲಿಲ್ಲ. ಬೇರಿಂಗು ಚೆನ್ನಾಗಿದೆ, ಒಳಗೆ ಏನೋ ಉರುಳುತ್ತಿದೆ ಎಂದ. ಕೆಳಗಿನ ಸಣ್ಣ ಮುಚ್ಚಳ ಬಿಚ್ಚಿದರೆ ನೀರಿನ ಜೊತೆ ಉಬ್ಬಿದ ಅಕ್ಕಿಕಾಳು ಬಂದವು. ಮೂಸಿ ನೋಡಿದ. ಹಿಂದಿನ ತಗಡು ತೆಗೆದು, ನೀರು ಕಾಯಿಸುವ ಕಾಯಿಲು ಹೊರಗೆಳೆದು, ಆ ಸಂದಿಯಲ್ಲಿ ಕೊಕ್ಕೆಯ ತಂತಿ ಇಳಿಸಿ ಒಂದೊಂದನ್ನೇ ಹೊರತೆಗೆದು ಚಾಪೆಯ ಮೇಲಿಟ್ಟ. ಎರಡು ಅಡಿಕೆ, ಒಂದು ಅರಿಶಿಣದ ಕೊಂಬು, ತಿರುಳೆಲ್ಲ ಕರಗಿದ ಒಂದು ಉತ್ತತ್ತಿಯ ಬೀಜ. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಕಂಡ ಅವನನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ.

"ಇದಕ್ಕ ಉಡಿ ಯಾರ ತುಂಬ್ಯಾರ್ರಿ?" ಎಂದು ಕೇಳಿದ.

ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಅಡಿಕೆ, ಅರಿಶಿಣ, ಉತ್ತತ್ತಿ ಹಾಕಿ, ಉಡಿ ತುಂಬಿ ಹರಸುವುದು ನಮ್ಮ ಕಡೆಯ ರೂಢಿ. ಅದು ಮುತ್ತೈದೆಯರ ಕೆಲಸ. ಅಜ್ಜ ತೀರಿಕೊಂಡ ಮೇಲೆ ಆಯಿ ಯಾರ ಉಡಿಯನ್ನೂ ತುಂಬಿರಲಿಲ್ಲ.

ಆಯಿ ಬಾಗಿಲಿಗೆ ಬಂದು ನಿಂತಳು.

"ನಾನ ತುಂಬೀನಿ. ಸೊಸಿ ಕೈ ಉಳಸಾಕ ಬಂದಾಕಿ, ಬರೇ ಉಡೀಲೆ ಹ್ಯಾಂಗ ಇಡೋದು ಅಂತ ಯಾರೂ ಇಲ್ಲದಾಗ ತುಂಬಿದೆ. ಆಮ್ಯಾಲ ತಗದೆ, ಎಲ್ಲಾ ಬಂತು ಅನಕೊಂಡಿದ್ದೆ. ನನ್ನ ಕೈ ತಾಗಿದ್ದಕ್ಕ ಅದು ಕೆಟ್ಟೈತಿ."

ಮೌಲಾಸಾಬ ಕಾಕಾ ಬಾಗಿಲಿನ ರಬ್ಬರಿನ ಸಂದಿ ತೋರಿಸಿ, ಇಲ್ಲಿಂದ ಜಾರಿವೆ, ಯಾರು ಹಾಕಿದ್ದರೂ ಜಾರುತ್ತಿದ್ದವು ಎಂದ. ಆಯಿ ನಂಬಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದಳು.

ಅವ್ವ ಎದ್ದು, ಎಡಗೈಯಿಂದ ಸೆರಗು ಹಿಡಿದು ಆಕೆಯ ಮುಂದೆ ಒಡ್ಡಿದಳು.

"ಅತ್ತಿ, ಅವನ್ನ ನನ್ನ ಉಡಿಯಾಗ ಹಾಕ್ರಿ."

ಆಯಿ ಅಪ್ಪನ ಮುಖ ನೋಡಿದಳು. ಶಾಸ್ತ್ರ ಎಂದರೆ ಹೆದರುವ ಅಪ್ಪ ಬೇಡ ಅನ್ನಲಿಲ್ಲ. ಆಯಿ ಬಗ್ಗಿ, ಬಣ್ಣಗೆಟ್ಟ ಆ ಅರಿಶಿಣದ ಕೊಂಬನ್ನೂ ಅಡಿಕೆಯನ್ನೂ ಎತ್ತಿ ಅವ್ವನ ಸೆರಗಿಗೆ ಹಾಕಿದಳು. ಮಷೀನು ಮತ್ತೆ ತಿರುಗಿದಾಗ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ, ಆದರೆ ಅದರ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ನಾನು ಅವ್ವನನ್ನೇ ನೋಡುತ್ತಿದ್ದೆ. ಅವ್ವ ಅಷ್ಟು ದೊಡ್ಡವಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಈಗ ನನ್ನ ಮನೆಯ ಮಷೀನು ಕೆಟ್ಟರೆ ತಾನೇ ಒಂದು ಅಂಕಿ ತೋರಿಸಿ ನಿಲ್ಲುತ್ತದೆ. ಬಂದವನು ಅಂಕಿ ನೋಡಿ, ಭಾಗ ಬದಲಿಸಿ ಹೋಗುತ್ತಾನೆ. ಒಳಗೇನಿದೆ ಎಂದು ಕಿವಿಗೊಡುವವರಿಲ್ಲ.

ಆ ಶ್ರಾವಣದಿಂದ ನಮ್ಮ ಮನೆಯಲ್ಲಿ ಯಾರ ಉಡಿ ತುಂಬಿದರೂ ಮೊದಲ ಕೈ ಆಯಿಯದು. ನನ್ನ ಮದುವೆಗೆ ಎರಡು ತಿಂಗಳಿರುವಾಗ ಆಕೆ ಹೋಗಿಬಿಟ್ಟಳು. ಮದುವೆಯ ದಿನ ಐವರು ಮುತ್ತೈದೆಯರು ತುಂಬಿದರು, ಸೆರಗು ಭಾರವಾಯಿತು. ಆದರೂ ಗಂಟು ಕಟ್ಟದೆ, ಇನ್ನೊಬ್ಬಳು ಬರಲಿ ಎಂಬಂತೆ ನಾನೂ ಅವ್ವನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆವು.