ಕ್ರಾಬಿಯಲ್ಲಿ ಕುದಿಸಿದ ಸಾರು

ಈದ್ ರಜೆಗೆಂದು ಕಪಾಟಿನ ಮೇಲಿನ ನೀಲಿ ಸೂಟ್‌ಕೇಸ್ ಇಳಿಸಿ ಜಿಪ್ ಎಳೆದೆ ನೋಡಿ, ಗಪ್ಪನೆ ಇಂಗಿನ ವಾಸನೆ ಹೊಡೆಯಿತು. ಆರು ವರ್ಷವಾಯಿತು. ಸೋಡಾಪುಡಿ ಉದುರಿಸಿದ್ದೇನೆ, ಬಿಸಿಲಿಗೆ ಇಟ್ಟಿದ್ದೇನೆ. ಅಬುಧಾಬಿಯ ಬಿಸಿಲು ಬಾಲ್ಕನಿಯಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟನ್ನೇ ಸೀಳಿತು, ಇಂಗನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಇದು ಥಾಯ್ಲೆಂಡಿನಿಂದ ಬಂದ ವಾಸನೆ ಎಂದರೆ ನೀವು ನಗುತ್ತೀರಿ. ನಗಿ. ಕ್ರಾಬಿಗೆ ಹೋಗಿ ನಾನು ತಂದದ್ದು ಇದೊಂದೇ.

ಆಗ ನಾವು ದುಬೈನ ಅಲ್ ನಹ್ದಾದಲ್ಲಿದ್ದೆವು. ಒಂದೇ ಬಿಲ್ಡಿಂಗಿನಲ್ಲಿ ಧಾರವಾಡ ಕಡೆಯ ಮೂರು ಸಂಸಾರ, ಎಲ್ಲ ಸೇರಿ ಹನ್ನೊಂದು ಜನ. ಮೂರು ಮನೆಗೂ ಯಜಮಾನರು ಇನಾಮದಾರರು. ಯಾರೂ ಆರಿಸಿದ್ದಲ್ಲ. ಆಫೀಸಿನಲ್ಲಿ ನನ್ನ ಗಂಡನಿಗಿಂತ ಸೀನಿಯರ್. ಆ ಸೀನಿಯಾರಿಟಿ ಅವರ ಜೊತೆಯೇ ಲಿಫ್ಟ್ ಹತ್ತಿ ಮನೆಗೂ ಬರುತ್ತಿತ್ತು. ಹಲ್ಲಿಗೆ ಯಾವ ಡಾಕ್ಟರು, ಶುಕ್ರವಾರ ಯಾರ ಮನೆಯಲ್ಲಿ ಊಟ, ಎಲ್ಲ ಅವರದೇ ತೀರ್ಮಾನ. ಆ ವರ್ಷ "ಯಲ್ಲಾ, ಕ್ರಾಬಿ!" ಎಂದು ಅರಬ್ಬರ ಹಾಗೆ ಹೊರಡಿಸಿದರು. ಹೊರಟೆವು.

ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ಸುಣ್ಣದಕಲ್ಲಿನ ಗುಹೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಹನಿ ಹನಿ ನೀರು ಇಳಿದು ಚಾವಣಿಯಿಂದ ಒಂದು ಕಲ್ಲು ಕೆಳಗೆ ಬೆಳೆಯುತ್ತದೆ, ನೆಲದಿಂದ ಇನ್ನೊಂದು ಮೇಲಕ್ಕೆ. ಎರಡೂ ಮುಟ್ಟಿಕೊಳ್ಳಲು ಸಾವಿರಾರು ವರ್ಷ ಬೇಕಂತೆ. ನನ್ನ ನೋಟ್‌ಬುಕ್ಕಿನ ಗುಹೆಗೆ 'ಗುಡ್' ಸಿಕ್ಕಿತ್ತು. ಕ್ರಾಬಿಯ ಬ್ರೋಷರಿನಲ್ಲಿ ಅಂಥದೇ ಒಂದು ಗುಹೆ, ದ್ವೀಪದ ಮೇಲೆ, ದೋಣಿಯಲ್ಲೇ ಹೋಗಬೇಕು. ಅದೊಂದನ್ನು ನೋಡಿದರೆ ಸಾಕು, ಉಳಿದದ್ದೆಲ್ಲ ಇವರಿಗೇ ಇರಲಿ ಎಂದುಕೊಂಡೆ.

ಇನಾಮದಾರರ ಚಿಂತೆಯೇ ಬೇರೆ. ಅಲ್ಲಿ ಎಲ್ಲದಕ್ಕೂ ಮೀನಿನ ನೀರು ಹಾಕುತ್ತಾರೆಂದು ಯಾರೋ ಹೆದರಿಸಿದ್ದರು. ಸರಿ, ಕರೆಂಟಿನ ರೈಸ್ ಕುಕ್ಕರ್, ಅಕ್ಕಿ, ತೊಗರಿಬೇಳೆ. ನನ್ನ ಸೂಟ್‌ಕೇಸಿನಲ್ಲಿ ಸಾರಿನಪುಡಿ ಮತ್ತು ಮುಚ್ಚಳ ಸಡಿಲವಾದ ಆ ಇಂಗಿನ ಡಬ್ಬಿ. ಹೊಸ ದೇಶ ನೋಡಹೊರಟವರ ಲಗೇಜು ಮಠದ ಉಗ್ರಾಣದ ಹಾಗಿತ್ತು.

"ಬರೇ ಸಮುದ್ರ ನೋಡಿದ್ರ ಹೊಟ್ಟಿ ತುಂಬತದೇನ್ರೀ ವೈನಿ?" ಎಂದರು ನನಗೆ. ಅಣ್ಣನ ಹೆಂಡತಿಯನ್ನು ಕರೆದಂತೆ ವೈನಿ ಎಂದುಬಿಟ್ಟರೆ ಮುಗಿಯಿತು, ಒಲ್ಲೆ ಎನ್ನುವ ದಾರಿ ಬಂದ್.

ರೂಮಿನಲ್ಲಿ ಅಡುಗೆ ಮಾಡಬಾರದೆಂಬ ಚೀಟಿ ಹೋಟೆಲಿನ ಬಾಗಿಲ ಹಿಂದೆಯೇ ಅಂಟಿತ್ತು. ಇನಾಮದಾರರು ಅದನ್ನು ಪೂರ್ತಿ ಓದಿದರು. ಆಮೇಲೆ ಟವೆಲ್ ಒದ್ದೆ ಮಾಡಿ ಬಾಗಿಲ ಸಂದಿಗೆ ಒತ್ತಿ, "ಖಲಾಸ್! ವಾಸನಿ ಹೊರಗ ಹೋಗಂಗಿಲ್ಲ" ಎಂದರು. ಎಂಜಿನಿಯರ್ ಅಲ್ಲವೇ. ಅವರ ಹೆಂಡತಿ ವಸುಧಾಗೆ ಮೊಣಕಾಲು ನೋವು, ಇನ್ನೊಂದು ಮನೆಯಾಕೆಗೆ ಕೈಕೂಸು, ಉಳಿದವಳು ನಾನು. ಕುಕ್ಕರು ನಾಲ್ಕು ಜನರದು. ಮೂರು ಸಲ ಅನ್ನ, ಆಮೇಲೆ ಅದರಲ್ಲೇ ಬೇಳೆ, ಅದರಲ್ಲೇ ಸಾರು. ದೋಣಿ ಹತ್ತುವಾಗ ಮಾತ್ರ ವಸುಧಾಳ ಮೊಣಕಾಲು ಚೆನ್ನಾಗಿಯೇ ಮಡಚುತ್ತಿತ್ತು.

ಮೊದಲ ಎರಡು ದಿನ ಕಿಟಕಿಯಿಂದಲೇ ಕ್ರಾಬಿ ನೋಡಿದೆ. ನೀರಿನಿಂದ ನೆಟ್ಟಗೆ ಎದ್ದ ಬೂದು ಬಂಡೆ, ಮೈಮೇಲೆ ತುಕ್ಕಿನ ಬಣ್ಣದ ಗೆರೆ, ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಿ ಕರಗಿ ಇಳಿದು ಗಟ್ಟಿಯಾದ ಮೇಣದಂತೆ ಅಂಚಿಗೆ ಜೋತ ಕಲ್ಲು. ಸಾರು ಕುದಿಬಂದರೆ ಗಾಜು ಮಬ್ಬಾಗುತ್ತಿತ್ತು. ದುಪಟ್ಟಾದಿಂದ ಒರೆಸಿ ಮತ್ತೆ ನೋಡುತ್ತಿದ್ದೆ.

ಕೊನೆಯ ದಿನ ಗುಹೆ. "ನಾನೂ ಬರ್ತೀನಿ" ಎಂದು ಗಂಡನಿಗೆ ಹಿಂದಿನ ದಿನವೇ ಹೇಳಿದ್ದೆ. "ಬಾ, ಬ್ಯಾಡ ಅಂದವರ‍್ಯಾರು?" ಎಂದಿದ್ದರು. ಬೆಳಿಗ್ಗೆ ಶೂ ಹಾಕಿಕೊಂಡು ನಿಂತೆ. ಇನಾಮದಾರರು ನನ್ನ ಶೂ ನೋಡಿದರು.

"ವೈನಿ, ನೀವೂ ಹೊಂಟ್ರ ಮಧ್ಯಾಹ್ನಕ್ಕ ಹೆಂಗ? ಹುಡುಗ್ರು ಉಪಾಸ ಬೀಳ್ತಾವ. ನಿಮಗ ವಿಡಿಯೋ ತಂದು ತೋರಸ್ತೀವಲ್ಲ!"

ಗಂಡನತ್ತ ನೋಡಿದೆ. ಅವರು ಸನ್‌ಗ್ಲಾಸ್ ಒರೆಸುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಮನೆಯಲ್ಲಿ ಏನನ್ನಾದರೂ ಒರೆಸಿದ್ದು ನಾನು ಕಂಡಿಲ್ಲ. "ಪರವಾಗಿಲ್ಲ" ಎಂದೆ. ನಗುತ್ತಲೇ ಅಂದೆ. ಕಾನ್ವೆಂಟಿನಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಭೂಗೋಳವಲ್ಲ, ಇದು.

ಮೂರು ಗಂಟೆಗೆ ಬಂದರು. ಯಾರಿಗೂ ಹಸಿವಿಲ್ಲ! ದ್ವೀಪದಲ್ಲಿ ಮಾವಿನಹಣ್ಣಿನ ಜೊತೆ ತೆಂಗಿನಹಾಲಿನ ಅನ್ನ ಮಾರುತ್ತಿದ್ದರಂತೆ. ಇನಾಮದಾರರೊಬ್ಬರೇ ಮೂರು ಪ್ಲೇಟು.

"ಗುಹೆ ಹೆಂಗಿತ್ರೀ?" ಎಂದೆ.

"ಏನಿಲ್ರೀ ವೈನಿ, ಬರೇ ಕಲ್ಲು. ನೀವು ಬರಲಿಲ್ಲ, ಛಲೋ ಆತು."

ಒಂಬತ್ತು ವರ್ಷದ ಮಗಳು ಮಾತ್ರ ಓಡಿಬಂದು, "ಅಮ್ಮಾ, ಇಟ್ ವಾಸ್ ಡ್ರಿಪ್ಪಿಂಗ್ ಆನ್ ಮೈ ಹೆಡ್! ವೈ ಡಿಡಂಟ್ ಯು ಕಮ್?" ಎಂದು ಒದ್ದೆ ತಲೆ ತೋರಿಸಿದಳು. ಮುಟ್ಟಿ ನೋಡಿದೆ. ಹನ್ನೊಂದು ಜನರ ಸಾರು ಹಾಗೇ ಆರಿತ್ತು.

ವಿಡಿಯೋ ತಂದಿದ್ದರು, ಸುಳ್ಳು ಹೇಳಬಾರದು. ಎಷ್ಟು ಶುಕ್ರವಾರ ನೋಡಿದೆವೋ. ಮುಕ್ಕಾಲು ಗಂಟೆಯಲ್ಲಿ ಗುಹೆ ಬರುವುದು ಒಂದು ನಿಮಿಷ. ಆ ಒಂದು ನಿಮಿಷವೂ ಅದರ ಬಾಯಿಗೆ ಅಡ್ಡವಾಗಿ ಇನಾಮದಾರರು: ಹೂವಿನ ಅಂಗಿ, ಸೊಂಟದ ಮೇಲೆ ಕೈ, ಗುಹೆಯನ್ನು ತಾವೇ ನಿಂತು ಕೊರೆಸಿದ ಗತ್ತು. "ಸ್ವಲ್ಪ ಸರೀರಿ" ಎಂದು ಟೀವಿಗೆ ಹೇಳಬೇಕೆನ್ನಿಸುತ್ತಿತ್ತು.

ಈ ಕತೆ ಹೇಳಿ ಅವರನ್ನು ಎಷ್ಟೋ ಜನರೆದುರು ಆಡಿಕೊಂಡಿದ್ದೇನೆ. ಆದರೆ ಅಬುಧಾಬಿಗೆ ಬಂದ ಮೇಲೆ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಈ ಮನೆಯಲ್ಲಿ, ಆಡಿಕೊಳ್ಳಲೂ ಜೊತೆಗೆ ಯಾರಿಲ್ಲದ ಹಗಲುಗಳಲ್ಲಿ, ಒಂದು ವಿಷಯ ಕುಟುಕುತ್ತದೆ. ಆ ಬಾಗಿಲಿಗೆ ಯಾರೂ ಹೊರಗಿನಿಂದ ಬೀಗ ಹಾಕಿರಲಿಲ್ಲ. ಇದ್ದದ್ದು ಒಂದು ಒದ್ದೆ ಟವೆಲ್. ಅವರೆಲ್ಲ ಹೋದ ಮೇಲೆ ಅದನ್ನು ಸಂದಿಗೆ ಒತ್ತಿದವಳೂ ನಾನೇ.

ಈ ಸಲ ಹೊರಟಿರುವುದು ನಾವು ಮೂವರೇ, ಅದೇ ಕ್ರಾಬಿಗೆ. ನಾನೇ ಹಟ ಹಿಡಿದು ಟಿಕೆಟ್ ಮಾಡಿಸಿದ್ದು. ಈಗಷ್ಟೇ ಗಂಡ ಬಂದು ಬಾಗಿಲಲ್ಲಿ ನಿಂತರು, ತಲೆ ಕೆರೆದುಕೊಂಡರು.

"ಅಲ್ಲಾ, ಅಲ್ಲಿ ಮಧ್ಯಾಹ್ನ ಊಟಕ್ಕ ಏನು ಮಾಡೂದು?"

"ನನಗೇನ್ ಗೊತ್ರೀ," ಎಂದೆ. "ನಾ ಗುಹೆಯೊಳಗ ಇರ್ತೀನಿ."